ಕಟ್ಟಿಗೆ ಮಾರಿ ಪೆಲೆಟ್ ಕೊಳ್ಳುವದೇ?

ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಉಮರ್ಗಾ, ನಿಲಂಗಾ, ಉದಗೀರ ಈ ಮೂರೂ ತಾಲೂಕುಗಳಲ್ಲಿ ವರ್ಷವೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಹೊಲದ ಬದುವಿನ ಮೇಲೆ ತೊಗರಿ ಕಟ್ಟಿಗೆಯ ಹೊರೆಗಳು ಬಿದ್ದಿರುತ್ತವೆ. ಕೆಲವರು ಅವನ್ನು ಮನೆಗೆ ಹೊರುತ್ತಾರೆ; ಕೆಲವರು ಹೊಲ ಹಸನಾಗಲೆಂದು ಅಲ್ಲಿಯೇ ಬೆಂಕಿ ಇಡುತ್ತಾರೆ; ಇನ್ನು ಕೆಲವರು ಲಾರಿ ತಂದ ವ್ಯಾಪಾರಿಗೆ ಬಂದಷ್ಟಕ್ಕೆ ಕೊಟ್ಟುಬಿಡುತ್ತಾರೆ. ಅದೇ ವಾರ ಅದೇ ಮನೆಯ ಯಜಮಾನರು ಗ್ಯಾಸಿನ ಸಿಲಿಂಡರಿಗೆಂದು ಕಿಸೆಯಿಂದ ನೋಟು ಎಣಿಸುತ್ತಾರೆ. ಉರಿಯುವ ವಸ್ತು ನಮ್ಮ ಹೊಲದಲ್ಲಿ, ಉರುವಲಿನ ಖರ್ಚೂ ನಮ್ಮ ಕಿಸೆಯಿಂದ. ಇದೆಂಥ ಒಕ್ಕಲುತನ?

ಈಚೆಗೆ ಪೇಟೆಯಲ್ಲಿ ಪೆಲೆಟ್ ಒಲೆಗಳು ಕಾಣುತ್ತಿವೆ. ಊರಿನ ನಾಲ್ಕಾರು ಮಂದಿ ನಮ್ಮನ್ನು ಕೇಳಿದರು: "ಗುರೂಜಿ, ಗ್ಯಾಸು ಬಿಟ್ಟು ಇದನ್ನು ತಂದರೆ ರೊಕ್ಕ ಉಳಿಯುತ್ತದಂತಲ್ಲ, ಖರೆಯೇ?" ನಾವು ಶಾಲೆಯಲ್ಲಿ ಲೆಕ್ಕ ಕಲಿಸುವವರು, ಹೊಲದಲ್ಲಿ ನಾಲ್ಕೆಕರೆ ತೊಗರಿ, ಸೋಯಾ ಬಿತ್ತುವವರು, ಒಂದು ಒಲೆಯನ್ನು ತಂದು ಕೈಸುಟ್ಟುಕೊಂಡವರೂ ಹೌದು. ಆದುದರಿಂದ ಬಾಯಿಮಾತಿಗಿಂತ ಲೆಕ್ಕವನ್ನೇ ಬರೆದು ತೋರಿಸುವದು ಒಳಿತೆಂದು ಈ ನಾಲ್ಕು ಮಾತು.

ಪೆಲೆಟ್ ಎಂದರೆ ಬೇರೇನೂ ಅಲ್ಲ. ಹೊಟ್ಟು, ಕಟ್ಟಿಗೆ, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದವನ್ನು ಒಣಗಿಸಿ, ಪುಡಿ ಮಾಡಿ, ಯಂತ್ರದಲ್ಲಿ ಬಿಗಿಯಾಗಿ ಒತ್ತಿ ತೆಗೆದ ಪೆನ್ಸಿಲ್ ದಪ್ಪದ ತುಂಡುಗಳು. ಒಲೆಯ ಕೆಳಗೆ ಒಂದು ಸಣ್ಣ ಪಂಖ ಗಾಳಿ ಊದುತ್ತದೆ. ಪೆಲೆಟ್ಟಿನಿಂದ ಏಳುವ ಹೊಗೆ ಮೇಲಿನ ಗಾಳಿಯಲ್ಲಿ ಕೂಡಿ ಅಲ್ಲಿಯೇ ಉರಿದುಹೋಗುತ್ತದೆ. ಆದ್ದರಿಂದ ಜ್ವಾಲೆ ಚೊಕ್ಕಟ, ಪಾತ್ರೆಯ ತಳಕ್ಕೆ ಮಸಿ ಕಡಿಮೆ.

ಈ ವಿದ್ಯೆ ನಮಗೆ ಹೊಸದಲ್ಲ, ದೂರದ್ದೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇಂಥದೊಂದು ಒಲೆಯನ್ನು ರೂಪಿಸಿಕೊಟ್ಟರು. ಬ್ರಿಟಿಷ್ ಎಣ್ಣೆ ಕಂಪನಿಯಾದ ಬಿ.ಪಿ. ಅದನ್ನು 'ಊರ್ಜಾ' ಎಂಬ ಹೆಸರಿನಿಂದ 2006ರ ಸುಮಾರಿಗೆ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳ ಹಳ್ಳಿಗಳಲ್ಲಿ ಮಾರಲಾರಂಭಿಸಿತು. ಸುಮಾರು 600 ಗ್ರಾಮು ಪೆಲೆಟ್ ಹಾಕಿದರೆ ಒಂದು ಗಂಟೆಯ ಹತ್ತಿರ ಉರಿಯುತ್ತಿತ್ತು. ಕೆಲವೇ ವರ್ಷಗಳಲ್ಲಿ ನಾಲ್ಕು ಲಕ್ಷ ಒಲೆಗಳು ಮನೆಗಳನ್ನು ಸೇರಿದವು. 2009ರಲ್ಲಿ ಆ ವ್ಯಾಪಾರ ಪುಣೆಯ ಒಂದು ಕಂಪನಿಯ ಕೈಗೆ ಹೋಯಿತು. ಮುಂದೆ ನಡೆದುದು ನಾವು ಮನಸ್ಸಿಗೆ ತಂದುಕೊಳ್ಳತಕ್ಕ ಸಂಗತಿ. ಹೊಟ್ಟು ಸಿಪ್ಪೆಗಳನ್ನು ಕಾರಖಾನೆಯ ಬಾಯ್ಲರಿನವರೂ ಕೊಳ್ಳಹತ್ತಿದ್ದರಿಂದ ಅವುಗಳ ಬೆಲೆ ಏರಿತು. ಅದರ ಹಿಂದೆಯೇ ಪೆಲೆಟ್ಟಿನ ಬೆಲೆಯೂ ಏರಿತು. ಬಡವರ ಅಡಿಗೆಮನೆಗೆ ಅದು ಎಟುಕಲಿಲ್ಲ. ಕಂಪನಿಯವರು ಹೋಟೆಲು, ಭೋಜನಾಲಯಗಳ ದೊಡ್ಡ ಒಲೆಗಳ ಕಡೆಗೆ ಹೊರಳಿದರು. ಒಲೆಗೇನೂ ಕೇಡಿರಲಿಲ್ಲ, ಉರುವಲು ಕೈತಪ್ಪಿತು.

ಇದು ನಮ್ಮ ನಾಡಿನ ಕಥೆ ಮಾತ್ರವೆಂದು ತಿಳಿಯಬಾರದು. ಯುರೋಪಿನ ಚಳಿನಾಡುಗಳಲ್ಲಿ ಮನೆಯನ್ನು ಬೆಚ್ಚಗಿಡಲು ಎಣ್ಣೆ ಉರಿಸುತ್ತಿದ್ದ ಬಹಳ ಕುಟುಂಬಗಳು ಖರ್ಚು ಉಳಿಯಲೆಂದು ಪೆಲೆಟ್ ಒಲೆ ಹಾಕಿಸಿಕೊಂಡವು. 2022ರಲ್ಲಿ ಯುಕ್ರೇನಿನ ಯುದ್ಧ ಬಂದು ಎಣ್ಣೆ, ಗ್ಯಾಸು ತುಟ್ಟಿಯಾದಾಗ ಪೆಲೆಟ್ಟಿನ ಬೆಲೆಯೂ ಅವುಗಳ ಜೊತೆಗೇ ಏರಿ ಕೆಲವೆಡೆ ಇಮ್ಮಡಿಯಾಯಿತು. ಸ್ವಂತ ಅಡವಿ ಇದ್ದವನು ನಕ್ಕನು; ಅಂಗಡಿಯಿಂದ ತರುವವನು ಮೊದಲಿದ್ದಲ್ಲಿಯೇ ಉಳಿದನು.

ಎಪ್ಪತ್ತರ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಮನೆಯ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸು ಇರುತ್ತದೆ. ಒಂದು ಕಿಲೋ ಗ್ಯಾಸಿನಲ್ಲಿ ಎಷ್ಟು ಕಾವು ಇದೆಯೋ ಅಷ್ಟು ಕಾವಿಗೆ ಸುಮಾರು ಮೂರು ಕಿಲೋ ಒಣ ಪೆಲೆಟ್ ಬೇಕು. ಅಂದರೆ ಸಿಲಿಂಡರೊಂದಕ್ಕೆ 42 ಕಿಲೋ. ಆದರೆ ಕಾವೆಲ್ಲ ಪಾತ್ರೆಗೆ ಮುಟ್ಟುವದಿಲ್ಲ. ಗ್ಯಾಸಿನ ಒಲೆಯಲ್ಲಿ ನೂರಕ್ಕೆ 65 ಪಾಲು ಪಾತ್ರೆಗೆ ಹೋದರೆ, ಪಂಖದ ಒಲೆಯಲ್ಲಿ ಮನೆಯ ಬಳಕೆಯಲ್ಲಿ 40 ಪಾಲು ಹೋದೀತು. ಆ ವ್ಯತ್ಯಾಸ ಸೇರಿಸಿದರೆ ಒಂದು ಸಿಲಿಂಡರಿನ ಕೆಲಸಕ್ಕೆ ಹೆಚ್ಚು ಕಡಿಮೆ 70 ಕಿಲೋ ಪೆಲೆಟ್ ಬೇಕು. ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಮಾತ್ರ ಪಾತ್ರೆಗೆ. ಉಳಿದುದು ಗೋಡೆಗೆ, ಗಾಳಿಗೆ, ಹೆಣ್ಣುಮಕ್ಕಳ ಕಣ್ಣಿಗೆ. ಅಲ್ಲಿ ಅದೇ ಅಡಿಗೆಗೆ ಎರಡು ಕ್ವಿಂಟಲಿಗೂ ಮೇಲೆ ಕಟ್ಟಿಗೆ ಬೇಕಾಗುತ್ತದೆ.

ಆದ್ದರಿಂದ ನೆನಪಿಡಲು ಒಂದೇ ಸೂತ್ರ ಸಾಕು. ನಿಮ್ಮ ಬಾಗಿಲಿಗೆ ಬಂದು ಬೀಳುವ ಸಿಲಿಂಡರಿನ ದರವನ್ನು 70ರಿಂದ ಭಾಗಿಸಿರಿ. ಬಂದ ಅಂಕಿಗಿಂತ ಪೆಲೆಟ್ಟಿನ ಕಿಲೋ ದರ ಕಡಿಮೆಯಿದ್ದರೆ ಉಳಿತಾಯ, ಹೆಚ್ಚಿದ್ದರೆ ಹಾನಿ. ಸಿಲಿಂಡರಿನ ದರವೂ ಒಂದೇ ಕಡೆ ನಿಂತ ವಸ್ತುವಲ್ಲ. ದಿಲ್ಲಿಯಲ್ಲಿ 2023ರ ಮಾರ್ಚಿನಲ್ಲಿ 1,103 ರೂಪಾಯಿಗೆ ಏರಿದ್ದು, ಆ ವರ್ಷದ ಆಗಸ್ಟ್ ಕೊನೆಗೆ 903ಕ್ಕೆ, 2024ರ ಮಾರ್ಚಿನಲ್ಲಿ 803ಕ್ಕೆ ಇಳಿದು, 2025ರ ಏಪ್ರಿಲಿನಲ್ಲಿ ಮತ್ತೆ 853 ಆಯಿತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯ ಮನೆಗಳಿಗೆ 2023ರ ಅಕ್ಟೋಬರಿನಲ್ಲಿ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಗೊತ್ತುಪಡಿಸಿದರು. 853ನ್ನು 70ರಿಂದ ಭಾಗಿಸಿದರೆ 12 ರೂಪಾಯಿ ಬರುತ್ತದೆ. 300 ಕಳೆದು ಭಾಗಿಸಿದರೆ 8 ರೂಪಾಯಿಯೂ ಪೂರ್ತಿಯಾಗುವದಿಲ್ಲ. ಒಂದೇ ಓಣಿಯ ಎರಡು ಮನೆಗಳಿಗೆ ಎರಡು ಉತ್ತರ. ನೆರೆಮನೆಯವರು ತಂದರೆಂದು ನಾವೂ ತರುವ ಮೊದಲು ಇದನ್ನು ವಿಚಾರಿಸಬೇಕು.

ನಮ್ಮ ಮನೆಯ ಅನುಭವ

2024ರ ದೀಪಾವಳಿಯ ಮುಂದೆ ನಾವು ಪೇಟೆಯಿಂದ 3,800 ರೂಪಾಯಿಗೆ ಒಂದು ಪಂಖದ ಒಲೆ ತಂದೆವು. ಪೆಲೆಟ್ ಕಿಲೋಕ್ಕೆ 9 ರೂಪಾಯಿ ಇತ್ತು. ನಮಗೆ ಸಿಲಿಂಡರು ತರುವ ಕೂಲಿ ಕೂಡಿ 880 ಬೀಳುತ್ತಿತ್ತು. 70 ಕಿಲೋಕ್ಕೆ 630. ಸಿಲಿಂಡರಿಗೆ 250 ಉಳಿತಾಯ. ಮನೆಯಲ್ಲಿ ಆರು ಮಂದಿ, ವರ್ಷಕ್ಕೆ ಎಂಟು ಸಿಲಿಂಡರು. ಒಲೆಯ ದುಡ್ಡು ತಿರುಗಿ ಬರಲು ಎರಡು ವರ್ಷ ಸಾಕೆಂದು ಶಾಲೆಯ ವಹಿಯ ಹಿಂದಿನ ಪುಟದಲ್ಲಿ ಬರೆದಿಟ್ಟು ಸಂತೋಷಪಟ್ಟೆವು.

ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ನಲ್ವತ್ತು ವರ್ಷ ಒಲೆಯ ಮುಂದೆ ಕುಳಿತು ಕೆಮ್ಮು ಹಚ್ಚಿಕೊಂಡ ನಮ್ಮ ತಾಯಿಯವರು ಹೊಗೆಯಿಲ್ಲದ ಉರಿಯನ್ನು ನೋಡಿ, "ಇದು ನನಗೆ ಮೊದಲೇ ಯಾಕೆ ಬರಲಿಲ್ಲ?" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ತೊಡಕುಗಳು ಆರಂಭವಾದವು. ರೊಟ್ಟಿಯ ಹಂಚಿಗೆ ಬೇಕಾದಂತೆ ಉರಿಯನ್ನು ಅಗಲಿಸುವದು, ಇಳಿಸುವದು ಆಗುತ್ತಿರಲಿಲ್ಲ. ನಡುವೆ ಪೆಲೆಟ್ ಮುಗಿದರೆ ಮೇಲೆ ಸುರಿದೊಡನೆ ಹೊಗೆ ಏಳುತ್ತಿತ್ತು. ಸೂಚನೆಯ ಚೀಟಿ ಇಂಗ್ಲಿಷಿನಲ್ಲಿತ್ತು. ಕನ್ನಡವೊಂದೇ ಬಲ್ಲ ನಮ್ಮ ತಾಯಿಯವರಿಗೆ ಅದರಿಂದೇನು ಪ್ರಯೋಜನ? ಪಂಖದ ಬ್ಯಾಟರಿ ವರ್ಷದೊಳಗೇ ಸತ್ತಿತು. ಹೊಸದಕ್ಕೆ 350 ಕೊಟ್ಟೆವು. 2025ರ ಆಗಸ್ಟ್, ಸಪ್ಟೆಂಬರುಗಳ ಅತಿವೃಷ್ಟಿಯಲ್ಲಿ, ಹೊಲದ ಸೋಯಾ ಕೊಳೆಯುತ್ತಿದ್ದ ಆ ದಿನಗಳಲ್ಲಿ, ಮನೆಯ ಮೂಲೆಯಲ್ಲಿಟ್ಟ ಪೆಲೆಟ್ ಚೀಲಗಳು ತೇವ ಹೀರಿ ಪುಡಿಪುಡಿಯಾದವು. ಹೊಸ ಚೀಲ ತರಲು ಹೋದರೆ ಕಿಲೋಕ್ಕೆ 14 ಎಂದರು. 70 ಕಿಲೋಕ್ಕೆ 980. ನಮ್ಮ ಸಿಲಿಂಡರು ಆಗ 930. ಉಳಿತಾಯ ಹೋಗಿ ಹಾನಿಯ ಬದಿಗೆ ಬಂದೆವು. ಮುಂದಿನ ತಿಂಗಳು ಆ ಅಂಗಡಿಯಲ್ಲಿ ಮಾಲೇ ಇರಲಿಲ್ಲ.

ಆಗ ಬಣವೆಯಲ್ಲಿದ್ದ ತೊಗರಿ ಕಟ್ಟಿಗೆಯನ್ನು ಹೆಬ್ಬೆಟ್ಟಿನುದ್ದಕ್ಕೆ ಕಡಿದು ಅದೇ ಒಲೆಗೆ ಹಾಕಿ ನೋಡಿದೆವು. ಪೆಲೆಟ್ಟಿನಷ್ಟು ಹೊತ್ತು ಬಾಳಲಿಲ್ಲ, ಮೇಲಿಂದ ಮೇಲೆ ಹಾಕಬೇಕಾಯಿತು, ಆದರೆ ಉರಿಯಿತು. ಈಗ ನಮ್ಮ ಮನೆಯಲ್ಲಿ ಬಚ್ಚಲ ಹಂಡೆಯ ನೀರು, ಬೇಳೆ ಬೇಯಿಸುವದು, ಎಮ್ಮೆಯ ಹಿಂಡಿ ಕುದಿಸುವದು ಇವೆಲ್ಲ ಆ ಒಲೆಯ ಮೇಲೆ, ಪಡಸಾಲೆಯ ಹೊರಗೆ. ರೊಟ್ಟಿ, ಚಹಾ, ಅವಸರದ ಅಡಿಗೆ ಗ್ಯಾಸಿನ ಮೇಲೆ. ಎಂಟಿದ್ದ ಸಿಲಿಂಡರು ಐದಕ್ಕೆ ಇಳಿದಿದೆ. ನಮ್ಮ ಉಳಿತಾಯವೆಂದರೆ ಇಷ್ಟೇ. ಆದರೆ ಇದು ಅಂಗಡಿಯವನ ದರದ ಮೇಲೆ ನಿಂತಿಲ್ಲ.

ಏನು ಮಾಡಬೇಕು?

ಜೋಳ ಬೆಳೆದವರು ನಾವು ಜೋಳ ಮಾರಿ ಹಿಟ್ಟು ಕೊಳ್ಳುತ್ತೇವೆಯೇ? ಚೀಲವನ್ನು ಗಿರಣಿಗೆ ಒಯ್ದು, ಬೀಸಿದ ಕೂಲಿ ಕೊಟ್ಟು, ನಮ್ಮ ಜೋಳದ ಹಿಟ್ಟನ್ನೇ ತರುತ್ತೇವೆ. ಪೆಲೆಟ್ಟಿನಲ್ಲಿಯೂ ಇದೇ ನ್ಯಾಯ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ನಮ್ಮ ಕಪ್ಪು ಹೊಲದ ಒಂದೆಕರೆ ತೊಗರಿಯಿಂದ ನಮಗೆ ಆರೇಳು ಕ್ವಿಂಟಲ್ ಕಟ್ಟಿಗೆ ಬರುತ್ತದೆ. ವರ್ಷಕ್ಕೆ ಎಂಟು ಸಿಲಿಂಡರಿನ ಮನೆಗೆ ಬೇಕಾದ ಪೆಲೆಟ್ 560 ಕಿಲೋ. ಒಂದೆಕರೆಯ ಕಟ್ಟಿಗೆ ಒಂದು ಮನೆಯ ಒಲೆಗೆ ಸಾಕು ಎಂದಂತಾಯಿತು.

ಒತ್ತುವ ಯಂತ್ರವನ್ನು ಒಬ್ಬ ರೈತನು ಕೊಳ್ಳುವದು ಬೇಡ. ಕಟ್ಟಿಗೆಯನ್ನು ಒಣಗಿಸಬೇಕು, ಪುಡಿ ಮಾಡಬೇಕು, ದೊಡ್ಡ ಮೋಟಾರಿಗೆ ವಿದ್ಯುತ್ತು ಬೇಕು, ಸವೆದ ಅಚ್ಚು ಬದಲಿಸಬೇಕು. ಇದು ಊರಿನ ಸೊಸಾಯಿಟಿ, ರೈತ ಉತ್ಪಾದಕ ಕಂಪನಿ ಇಲ್ಲವೆ ಹೆಣ್ಣುಮಕ್ಕಳ ಬಚತ ಗಟದವರು ನಾಲ್ಕಾರು ಹಳ್ಳಿ ಕೂಡಿ ಮಾಡತಕ್ಕ ಕೆಲಸ. ಕಟ್ಟಿಗೆ ತೂಗಿ ಕೊಡುವದು, ಒತ್ತಿದ ಕೂಲಿ ಸಲ್ಲಿಸಿ ಪೆಲೆಟ್ ತೂಗಿ ತರುವದು. ಮಿಕ್ಕ ಮಾಲನ್ನು ಮಾತ್ರ ಪೇಟೆಗೆ ಮಾರುವದು. ಕೂಲಿ ಎಂಟು ರೂಪಾಯಿಯೊಳಗೆ ಕೂಡುವದಿಲ್ಲವಾದರೆ ಉಜ್ವಲಾ ಮನೆಯವರಿಗೆ ಲಾಭವಿಲ್ಲ. ಅಂಥಲ್ಲಿ ಯಂತ್ರ ಹಾಕಬಾರದು. ಲಾತೂರು, ತುಳಜಾಪುರ ಇಲ್ಲವೆ ಬೀದರದ ಕೃಷಿ ವಿಜ್ಞಾನ ಕೇಂದ್ರದವರನ್ನು ಮೊದಲು ಕೇಳಿ ಮುಂದುವರಿಯುವದು ಜಾಣತನ.

ಅವಸರವೂ ಇದೆ. ಉಷ್ಣ ವಿದ್ಯುತ್ ಕೇಂದ್ರಗಳು ಕಲ್ಲಿದ್ದಲಿನೊಡನೆ ಇಂಥ ಪೆಲೆಟ್ಟುಗಳನ್ನು ಬೆರೆಸಿ ಉರಿಸಬೇಕೆಂದು ಕೇಂದ್ರ ಸರಕಾರ 2021ರ ಅಕ್ಟೋಬರಿನಲ್ಲಿ ಧೋರಣೆ ಪ್ರಕಟಿಸಿತು. ರೈತನ ಕಸಕ್ಕೆ ಬೆಲೆ ಬರುವದಾದರೆ ಸಂತೋಷವೇ. ಆದರೆ ದೊಡ್ಡ ಬಾಯಿಯ ಗಿರಾಕಿ ಸಂತೆಗೆ ಬಂದಾಗ ಸಣ್ಣ ಒಲೆಯವನು ಹಿಂದೆ ಬೀಳುತ್ತಾನೆ. ಊರ್ಜಾ ಒಲೆಯ ಕಾಲಕ್ಕೆ ಕಂಡ ಪಾಠ ಅದು. ಮನೆಗೆ ಬೇಕಾದಷ್ಟನ್ನು ಮೊದಲು ಎತ್ತಿಟ್ಟು ಉಳಿದುದನ್ನು ಮಾರುವ ರೂಢಿ ಕಾಳಿಗೆ ಇದ್ದಂತೆ ಕಟ್ಟಿಗೆಗೂ ಇರಲಿ.

ಎಲ್ಲವನ್ನೂ ಒಲೆಗೆ ಹಾಕಬೇಕೆಂದು ನಾವು ಹೇಳುವದಿಲ್ಲ. ತೊಗರಿ ಹೊಟ್ಟು, ಜೋಳದ ಕಣಿಕೆ ದನಗಳ ಪಾಲು. ಸೋಯಾ ಹೊಟ್ಟಿನಲ್ಲಿ ದನ ತಿಂದು ಉಳಿದುದು ಗೊಬ್ಬರದ ಗುಂಡಿಗೆ, ಹೊಲಕ್ಕೆ. ಸಗಣಿ ಹೊಲದ ಪಾಲು. ಕುಳ್ಳು ತಟ್ಟಿ ಸುಡುವದು ಗೊಬ್ಬರವನ್ನು ಸುಟ್ಟಂತೆ. ನಾಲ್ಕೈದು ದನಗಳಿದ್ದ ಮನೆಯವರು ಪೆಲೆಟ್ಟಿನ ಗೊಡವೆಗೇ ಹೋಗದೆ ಗೋಬರ ಗ್ಯಾಸು ಹಾಕುವದು ಲೇಸು. ದಿನಕ್ಕೆ 50 ಕಿಲೋ ಸಗಣಿಯಿಂದ ಎರಡು ಘನ ಮೀಟರ್ ಗ್ಯಾಸು ಬರುತ್ತದೆ, ರಾಡಿ ಹೊಲಕ್ಕೆ ತಿರುಗಿ ಹೋಗುತ್ತದೆ. ತೊಗರಿಯ ಮತ್ತು ಹತ್ತಿಯ ಗಟ್ಟಿ ಕಟ್ಟಿಗೆಯನ್ನು ದನ ತಿನ್ನುವದಿಲ್ಲ, ಅದು ಬೇಗ ಕೊಳೆಯುವದೂ ಇಲ್ಲ. ಒಲೆಯ ಪಾಲು ಅದೇ.

ಇಷ್ಟಾದರೂ ಒಲೆ ಕೊಳ್ಳುವವರು ಅಂಗಡಿಯಲ್ಲಿ ನಾಲ್ಕು ಪ್ರಶ್ನೆ ಕೇಳದೆ ಹಣ ಬಿಚ್ಚಬಾರದು. ಈ ಒಲೆ ಪೆಲೆಟ್ಟನ್ನಷ್ಟೇ ತಿನ್ನುವದೋ, ಕಡಿದ ಕಟ್ಟಿಗೆಯನ್ನೂ ತಿನ್ನುವದೋ? ಪಂಖ, ಬ್ಯಾಟರಿ ಕೆಟ್ಟರೆ ತಾಲೂಕಿನೊಳಗೆ ಸಿಗುವವೋ? ಮನೆಯ ಹೆಣ್ಣುಮಕ್ಕಳ ಮುಂದೆ ಹೊತ್ತಿಸಿ, ಅವರ ಹಂಚಿನ ಮೇಲೆ ಎರಡು ರೊಟ್ಟಿ ಸುಟ್ಟು ತೋರಿಸುವರೋ? ಮಳೆಗಾಲಕ್ಕೂ ಪೆಲೆಟ್ ಕೊಡುವೆವೆಂದು ಕಾಗದದ ಮೇಲೆ ಬರೆದು ಕೊಡುವರೋ?

ಇನ್ನೊಂದು ಎಚ್ಚರಿಕೆ. ಜ್ವಾಲೆ ಆರಿದ ಮೇಲೆ ಉಳಿಯುವ ಕೆಂಡದಿಂದ ಕಣ್ಣಿಗೆ ಕಾಣದ, ಮೂಗಿಗೆ ನಾರದ ವಿಷಗಾಳಿ ಬರುತ್ತದೆ. ಡಿಸೆಂಬರದ ಚಳಿಗೆ ಒಲೆಯನ್ನಾಗಲಿ, ಕೆಂಡದ ಬುಟ್ಟಿಯನ್ನಾಗಲಿ ಮಲಗುವ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಳ್ಳಬಾರದು. ಉಳಿಸಿದ ನಾಲ್ಕು ರೂಪಾಯಿಗಿಂತ ಜೀವ ದೊಡ್ಡದು.

"ಹಳೆಯ ಒಲೆಯ ಕಟ್ಟಿಗೆ ಪುಕ್ಕಟೆ, ಇಷ್ಟೆಲ್ಲ ಯಾಕೆ?" ಎನ್ನುವ ಹಿರಿಯರಿಗೆ ಒಂದು ಮಾತು. ಅದನ್ನು ಹೊರುವ ತಲೆ, ಊದುವ ಎದೆ ನಮ್ಮವಲ್ಲ; ಆದ್ದರಿಂದ ನಮಗೆ ಪುಕ್ಕಟೆಯಾಗಿ ತೋರುತ್ತದೆ. ಒಲೆಯ ಲೆಕ್ಕವನ್ನು ಗಂಡಸರು ಪಂಚಾಯತಿ ಕಟ್ಟೆಯ ಮೇಲೆ ಕುಳಿತು ಮಾಡುವದಕ್ಕಿಂತ ಒಲೆಯ ಮುಂದೆ ಕುಳಿತವರನ್ನು ಕೇಳಿ ಮಾಡಿದರೆ ತಪ್ಪು ಕಡಿಮೆಯಾದೀತು.

ಮುಂದಿನ ಗ್ರಾಮಸಭೆಯಲ್ಲಿ ಗಿರಣಿಯ ನ್ಯಾಯದ ಈ ವಿಚಾರವನ್ನು ಎತ್ತಿರಿ. ಅಲ್ಲಿಯವರೆಗೆ ಬದುವಿನ ಹೊರೆಗೆ ಕಡ್ಡಿ ಗೀರಬೇಡಿರಿ, ಬಂದ ದರಕ್ಕೆ ಕೊಡಲೂ ಬೇಡಿರಿ. ಮರಾಠಿ ಶಾಲೆಯಲ್ಲಿ ಕಲಿತು ಕನ್ನಡ ಓದಲು ಬಾರದ ಮಕ್ಕಳಿಗೂ, ಓದು ಬಾರದ ಹಿರಿಯರಿಗೂ ಓದಬಲ್ಲವರು ಈ ಎಪ್ಪತ್ತರ ಲೆಕ್ಕವನ್ನು ಓದಿ ಹೇಳಬೇಕೆಂದು ವಿನಂತಿ.