ಜಾಲತಾಣಕ್ಕೆ ಮನೆಯ ಸರ್ವರ್: ಲೆಕ್ಕಪತ್ರ ಬೇರೆಯೇ ಇರಲಿ

ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಗೂ ಅಪಾಚೆ ತಂತ್ರಾಂಶಗಳನ್ನು ಅಳವಡಿಸಿದರೆ, ಸರಕುಗಳ ಪಟ್ಟಿಯುಳ್ಳ ಜಾಲತಾಣವನ್ನು ಮನೆಯಿಂದಲೇ ನಡೆಸಬಹುದು. ಇವಕ್ಕೆ ಪರವಾನಗಿ ಶುಲ್ಕವಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ನೀಡುವ ಭದ್ರತಾ ಪ್ರಮಾಣಪತ್ರವೂ ಉಚಿತ. ಸ್ಥಿರ ಐಪಿ ವಿಳಾಸಕ್ಕೂ ಯುಪಿಎಸ್‌ಗೂ ಒಂದಿಷ್ಟು ಖರ್ಚಾದೀತು. ಸಣ್ಣ ಉದ್ದಿಮೆದಾರರು ಇದನ್ನು ಮೆಚ್ಚುವುದು ಸಹಜ.

ಆದರೆ ಅದೇ ಯಂತ್ರದಲ್ಲಿ ಲೆಕ್ಕಪತ್ರವನ್ನೂ ಗ್ರಾಹಕರ ಬಾಕಿಯ ವಿವರವನ್ನೂ ಇಡುವ ಪರಿಪಾಠವನ್ನು ಒಪ್ಪಲಾಗದು. ಅದು ತಿಜೋರಿಯನ್ನು ಅಂಗಡಿಯ ಜಗಲಿಗೆ ತಂದಿಟ್ಟಂತೆ. ಅಂತರ್ಜಾಲಕ್ಕೆ ತೆರೆದ ಯಂತ್ರದ 22ನೆಯ ಪೋರ್ಟಿನಲ್ಲಿ ಗುಪ್ತಪದವನ್ನು ಊಹಿಸುವ ಸ್ವಯಂಚಾಲಿತ ಪ್ರಯತ್ನಗಳು ಹಗಲಿರುಳೂ ನಡೆಯುತ್ತವೆ. ಅಂಗಡಿ ಚಿಕ್ಕದೆಂಬ ರಿಯಾಯಿತಿ ಅವಕ್ಕೆ ಗೊತ್ತಿಲ್ಲ. ಆದ್ದರಿಂದ ‘ರೂಟ್’ ಹೆಸರಿನ ನೇರ ಪ್ರವೇಶವನ್ನೂ ಗುಪ್ತಪದದ ಪ್ರವೇಶವನ್ನೂ ನಿಲ್ಲಿಸಿ, ಎಸ್‌ಎಸ್‌ಎಚ್ ಕೀಲಿಯಿಂದ ಮಾತ್ರ ಒಳಬರುವಂತೆ ಮಾಡಬೇಕು. ಫೈರ್‌ವಾಲಿನಲ್ಲಿ ಸಾರ್ವಜನಿಕರಿಗೆ 80 ಮತ್ತು 443ನೆಯ ಪೋರ್ಟುಗಳಷ್ಟೇ ತೆರೆದಿರಲಿ.

ಇದೆಲ್ಲ ಒಂದು ದಿನದ ಕೆಲಸ. ಅನಂತರದ ನಿಗಾವಣೆಯೇ ಕಷ್ಟದ್ದು. ಸೆಂಟ್‌ಓಎಸ್ 7ರ ಭದ್ರತಾ ತಿದ್ದುಪಡಿಗಳು 2024ರ ಜೂನ್ 30ಕ್ಕೆ ನಿಂತುಹೋದವು. ಅದನ್ನು ಅಳವಡಿಸಿದ ಯಂತ್ರವಾದರೋ ಏನೂ ಆಗದಂತೆ ಓಡುತ್ತಲೇ ಇರುತ್ತದೆ.

ಕಾನೂನಿನ ಹೊಣೆಯೂ ಉಂಟು. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸಣ್ಣ ಉದ್ದಿಮೆಗಳಿಗೂ ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾದವು. ಅವುಗಳ ಪ್ರಕಾರ ಅನಧಿಕೃತ ಪ್ರವೇಶ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಡೆಬಿಯನ್‌ನಲ್ಲಿ ನಾವಾಗಿ ಬದಲಿಸದಿದ್ದರೆ ಅಪಾಚೆಯ ದಾಖಲೆ ಉಳಿಯುವುದು ಸುಮಾರು 14 ದಿನ ಮಾತ್ರ. ಈ ವ್ಯವಸ್ಥೆಯನ್ನು ಬದಲಿಸಿ, ವಾರಕ್ಕೊಮ್ಮೆಯಾದರೂ ದಾಖಲೆಗಳನ್ನು ಓದಲು ಒಬ್ಬರನ್ನು ಗೊತ್ತುಮಾಡಲಾಗದ ಸದಸ್ಯರು ಸದ್ಯಕ್ಕೆ ಬಾಡಿಗೆ ಸರ್ವರನ್ನೇ ಮುಂದುವರಿಸುವುದು ಒಳಿತೆಂದು ನನ್ನ ಅಭಿಪ್ರಾಯ.