ಜೀರ್ಣೋದ್ಧಾರವೋ, ಇತಿಹಾಸದ ನೆಲಸಮವೋ?

ನಮ್ಮ ಕಡೆ ಒಂದು ಗುಡಿಯ ಇತಿಹಾಸ ಅಳಿಸಲು ಶತ್ರುಗಳು ದಂಡೆತ್ತಿ ಬರಬೇಕಾಗಿಲ್ಲ, ಒಂದು ಜೀರ್ಣೋದ್ಧಾರ ಸಮಿತಿ ರಚನೆಯಾದರೆ ಸಾಕು. ಮಾತು ಕಟುವಾಯಿತು ಅನ್ನಿಸಬಹುದು. ಆದರೆ ಉಡುಪಿಯಿಂದ ಕಾಪುವಿಗೋ ಕಾರ್ಕಳಕ್ಕೋ ಹೋಗುವಾಗ ರಸ್ತೆ ಬದಿಯ ಫ್ಲೆಕ್ಸ್‌ಗಳನ್ನು ಓದುತ್ತ ಹೋಗಿ. ಅಷ್ಟಮಂಗಲ ಪ್ರಶ್ನೆ, ಶಿಲಾನ್ಯಾಸ, ಹೊರೆಕಾಣಿಕೆ, ಬ್ರಹ್ಮಕಲಶೋತ್ಸವ, ಎಲ್ಲದಕ್ಕೂ ದಿನಾಂಕವಿದೆ, ಮುಹೂರ್ತವಿದೆ. ಹಳೆಯ ಗುಡಿಯನ್ನು ಕೆಡವಿದ ದಿನಕ್ಕೆ ಮಾತ್ರ ಫ್ಲೆಕ್ಸ್ ಇರುವುದಿಲ್ಲ.

ಜೀರ್ಣವಾದದ್ದನ್ನು ಉದ್ಧರಿಸುವುದು ಜೀರ್ಣೋದ್ಧಾರ. ಕೊಳೆತ ತೊಲೆ ಬದಲಿಸುವುದು, ಒಡೆದ ಹಂಚು ತೆಗೆದು ಹೊಸದು ಹೊದೆಸುವುದು, ಕುಸಿದ ಗೋಡೆ ಎತ್ತುವುದು. ಈಗ ಆ ಪದಕ್ಕೆ ನಾವು ಕೊಟ್ಟಿರುವ ಅರ್ಥ ಬೇರೆ. ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಇಳಿಜಾರು ಮಾಡು, ಎಲ್ಲವನ್ನೂ ಜೆಸಿಬಿಗೆ ಒಪ್ಪಿಸಿ ಅದೇ ಜಾಗದಲ್ಲಿ ಶಿಲಾಮಯ ಗುಡಿ, ಗ್ರಾನೈಟ್ ನೆಲ, ಸುತ್ತ ಇಂಟರ್‌ಲಾಕ್. ಊರು ಯಾವುದಾದರೂ ಗುಡಿ ಒಂದೇ ಅಚ್ಚಿನದು.

ಹೋದದ್ದು ಬರೀ ಹಳೆಯ ಕಲ್ಲುಮರವಲ್ಲವೇ ಎಂದು ಕೇಳುವವರು ಕಾರ್ಕಳವನ್ನು ನೆನಪಿಸಿಕೊಳ್ಳಲಿ. ಅಲ್ಲಿನ ಬಾಹುಬಲಿಯನ್ನು ವೀರಪಾಂಡ್ಯ ಭೈರರಸ 1432ರಲ್ಲಿ ನಿಲ್ಲಿಸಿದನೆಂದು, ಚತುರ್ಮುಖ ಬಸದಿಯನ್ನು 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದನೆಂದು ಇವತ್ತು ಶಾಲೆಯ ಮಕ್ಕಳೂ ಹೇಳುತ್ತಾರೆ. ಹೇಳಲು ಸಾಧ್ಯವಾಗಿರುವುದು ಶಾಸನದ ಕಲ್ಲುಗಳು ಅಲ್ಲೇ ಉಳಿದಿದ್ದರಿಂದ. ನಡುವಿನ ತಲೆಮಾರೊಂದು ‘ಇದು ಹಳತಾಯಿತು, ಹೊಸದು ಕಟ್ಟೋಣ’ ಎಂದು ಆ ಕಲ್ಲನ್ನು ಅಡಿಪಾಯಕ್ಕೆ ಹಾಕಿದ್ದರೆ ನಮ್ಮ ಕೈಯಲ್ಲಿ ದಂತಕತೆ ಮಾತ್ರ ಇರುತ್ತಿತ್ತು. ಅರಸರ ಕಟ್ಟಡಗಳನ್ನು ಕಾಯಲು ಪುರಾತತ್ತ್ವ ಇಲಾಖೆಯಾದರೂ ಇದೆ. ಊರವರ ಗುಡಿಗೆ, ದೈವಸ್ಥಾನಕ್ಕೆ ಅಂಥ ಕಾವಲಿಲ್ಲ, ಊರವರೇ ಕಾಯಬೇಕು.

ಪಾದೂರು ಗುರುರಾಜ ಭಟ್ಟರು ಈ ಕಾಪು ಸೀಮೆಯವರೇ. ತುಳುನಾಡಿನ ಊರೂರು ತಿರುಗಿ ಗುಡಿ, ವಿಗ್ರಹ, ಶಾಸನಗಳನ್ನು ನೋಡಿ, ಫೋಟೋ ತೆಗೆದು, 1975ರಲ್ಲಿ ತುಳುವ ಇತಿಹಾಸ ಸಂಸ್ಕೃತಿಗಳ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥ ತಂದರು. ಸಂಶೋಧನೆಗೆ ಹೊರಟ ನನ್ನಂಥವರಿಗೆ ಇವತ್ತಿಗೂ ಅದೇ ಕೈಪಿಡಿ. ಅವರು ಗುಡಿಗಳ ಕಾಲ ನಿರ್ಣಯಿಸಿದ್ದು ಮೂರ್ತಿಯ ಶೈಲಿ, ಗುಡಿಯ ಪಾದ, ಕಂಬದ ಕೆತ್ತನೆಗಳನ್ನು ನೋಡಿ. ಪಾದವೇ ಕಿತ್ತುಹೋದ ಮೇಲೆ ಅವರ ಮಾತನ್ನು ಒಪ್ಪುವುದಕ್ಕೂ ಸಾಕ್ಷಿಯಿಲ್ಲ, ಅಲ್ಲಗಳೆಯುವುದಕ್ಕೂ ಇಲ್ಲ.

ಮನೆಗಳ ಕತೆಯೂ ಇದೇ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದರೆ ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ ಕಾಣುತ್ತವೆ. ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳು. 2017ರಲ್ಲಿ ತೀರಿಕೊಂಡ ಶೆಣೈಯವರ ಹಟಕ್ಕೆ ಕೈಮುಗಿಯಬೇಕು. ಆದರೆ ಅಲ್ಲಿ ಟಿಕೆಟ್ ಕೊಂಡು ‘ಎಷ್ಟು ಚೆಂದ’ ಎಂದು ಸೆಲ್ಫಿ ತೆಗೆದುಕೊಳ್ಳುವ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಮನೆಗಳು ಅವುಗಳ ಊರಿನಲ್ಲೇ ಏಕೆ ಉಳಿಯಲಿಲ್ಲ? ವಸ್ತುಸಂಗ್ರಹಾಲಯ ಒಂದು ಮನೆಯನ್ನು ಉಳಿಸೀತು. ಅದರ ಎದುರಿನ ಗದ್ದೆ, ಪಕ್ಕದ ನಾಗಬನ, ಅಂಗಳಕ್ಕೆ ಬರುತ್ತಿದ್ದ ಒಕ್ಕಲುಗಳ ನೆನಪು ಲಾರಿಯಲ್ಲಿ ಬರುವುದಿಲ್ಲ.

ಇದಕ್ಕೆ ಸಮಿತಿಯವರ ಉತ್ತರ ಸಿದ್ಧವಿದೆ. ‘ಇದು ಮ್ಯೂಸಿಯಂ ಅಲ್ಲ, ಪೂಜೆ ನಡೆಯುವ ಜಾಗ. ಮಳೆಗೆ ಸೋರುತ್ತದೆ, ಗೆದ್ದಲು ತಿನ್ನುತ್ತದೆ, ಮರದ ಕೆಲಸದವರು ಸಿಗುವುದಿಲ್ಲ.’ ಮೊದಲ ಮಾತು ನಿಜ, ಭಕ್ತರ ಹಕ್ಕನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಗಾಗಿಯೇ ನಮ್ಮ ಹಿರಿಯರು ಕಡಿದಾದ ಮಾಡು, ಉದ್ದದ ಸೂರು ಕಂಡುಕೊಂಡದ್ದು. ವರ್ಷವರ್ಷ ಹಂಚು ಕೈಯಾಡಿಸದೆ ಬಿಟ್ಟು, ಕೊನೆಗೊಂದು ದಿನ ಸೋರುತ್ತದೆ ಎಂದು ಕೆಡವುವುದು ಯಾವ ನ್ಯಾಯ? ಕೆಲಸದವರು ಸಿಗುವುದಿಲ್ಲ ಎಂಬುದೂ ಅರ್ಧ ಸತ್ಯ. ಕೆಲಸ ಕೊಟ್ಟರೆ ತಾನೆ ಕಸುಬು ಉಳಿಯುವುದು! ಅಸಲಿಗೆ ರಿಪೇರಿಗೆ ದಾನಿಗಳ ಹೆಸರಿನ ಫಲಕ ಹಾಕುವ ರೂಢಿ ನಮ್ಮಲ್ಲಿಲ್ಲ. ಹೊಸ ಗುಡಿಗಾದರೆ ಕಂಬಕ್ಕೊಂದು ಹೆಸರು.

ಯಾವ ಗುಡಿಯನ್ನೂ ಮುಟ್ಟಬೇಡಿ ಎಂಬುದು ನನ್ನ ವಾದವಲ್ಲ. ನಿಜಕ್ಕೂ ಉಳಿಸಲಾಗದ ಕಟ್ಟಡಗಳಿರುತ್ತವೆ. ಕೇಳುವುದು ಇಷ್ಟೆ: ಕೆಡವುವ ಮೊದಲು ಅಳತೆ ತೆಗೆದ ನಕ್ಷೆ, ಎಲ್ಲ ಬದಿಯ ಫೋಟೋ, ಶಾಸನಗಳ ಪಡಿಯಚ್ಚು ಆಗಬೇಕು. ತೆಗೆದ ಕಂಬ, ಕಲ್ಲು, ಮುಚ್ಚಿಗೆಯ ಹಲಗೆ ಅದೇ ಆವರಣದಲ್ಲಿ ಮಾಡಿನಡಿ ಉಳಿಯಬೇಕು. ಧಾರ್ಮಿಕ ದತ್ತಿ ಇಲಾಖೆಯ ಗುಡಿಗಳಲ್ಲಿ ಇಷ್ಟಾಗದೆ ಕೆಲಸಕ್ಕೆ ಅನುಮತಿಯೇ ಸಿಗಬಾರದು. ಕೋಟಿಗಳ ಬಜೆಟ್ಟಿನಲ್ಲಿ ಇದರ ಖರ್ಚು ಊಟದ ದಿನದ ಪಾಯಸದಷ್ಟೂ ಆಗಲಾರದು.

ಸಮಿತಿಯವರು ರಶೀದಿ ಪುಸ್ತಕ ಹಿಡಿದು ನಿಮ್ಮ ಮನೆಗೂ ಬರುತ್ತಾರೆ. ದೇಣಿಗೆ ಕೊಡಿ. ಕೊಡುವ ಮೊದಲು ಹಳೆಯ ಗುಡಿಯ ನಕ್ಷೆ ಎಲ್ಲಿದೆ ಎಂದು ಕೇಳಿ. ಇಲ್ಲವೆಂದರೆ, ನೀವು ವಿದ್ಯಾರ್ಥಿಗಳಾಗಿದ್ದರೆ, ಟೇಪು, ಮೊಬೈಲು ಹಿಡಿದು ಈ ರಜೆಯಲ್ಲೇ ಹೋಗಿ. ಜೆಸಿಬಿ ಮಳೆಗಾಲ ಮುಗಿಯುವುದನ್ನಷ್ಟೇ ಕಾಯುತ್ತಿರುತ್ತದೆ.