ಎಂಟು ಲಕ್ಷ ಎಲ್ಲಿಂದ ಬಂತು?

ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರನ್ನು ‘ಎಷ್ಟು ಸಂಬಳ ಸಿಗಬಹುದು?’ ಎಂದು ಕೇಳಿದರೆ ಎಂಟು ಲಕ್ಷ, ಹತ್ತು ಲಕ್ಷ ಎನ್ನುತ್ತಾರೆ. ಬಹಳಷ್ಟು ಜನಕ್ಕೆ ಸಿಗುವುದು ಮೂರೂವರೆ. ಇದನ್ನು ಕಂಡಾಗಲೆಲ್ಲ ಹಿರಿಯರು, ಕಂಪನಿಗಳ ಎಚ್‌ಆರ್‌ನವರು, ನನ್ನ ಸಹೋದ್ಯೋಗಿಗಳಲ್ಲೇ ಕೆಲವರು ಹುಡುಗರನ್ನು ಬೈಯುತ್ತಾರೆ. ಇಪ್ಪತ್ತು ವರ್ಷ ಈ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಮ್ಮನಿರಲಾರೆ.

‘ಈಗಿನವರಿಗೆ ದುರಾಸೆ’ ಎನ್ನುತ್ತೀರಿ. ಸಿಇಟಿ ಫಲಿತಾಂಶದ ಹೊತ್ತಿಗೆ ಬಸ್‌ಸ್ಟ್ಯಾಂಡ್ ಎದುರು ಏಳುವ ಕಾಲೇಜುಗಳ ಫ್ಲೆಕ್ಸ್ ಓದಿದ್ದೀರಾ? ಅಲ್ಲಿರುವುದು ‘ಗರಿಷ್ಠ ಪ್ಯಾಕೇಜ್’, ‘ಸರಾಸರಿ ಪ್ಯಾಕೇಜ್’. ಅರವತ್ತು ಮಂದಿಯ ತರಗತಿಯೊಂದನ್ನು ಊಹಿಸಿಕೊಳ್ಳಿ. ಒಬ್ಬಳಿಗೆ 44 ಲಕ್ಷ, ನಾಲ್ವರಿಗೆ ತಲಾ 10 ಲಕ್ಷ, ಮೂವತ್ತು ಮಂದಿಗೆ ತಲಾ 3.6 ಲಕ್ಷ. ಉಳಿದ 25 ಮಂದಿಗೆ ಕೆಲಸವೇ ಇಲ್ಲ. ಕೆಲಸ ಸಿಕ್ಕ 35 ಮಂದಿಯ ಸರಾಸರಿ ಸುಮಾರು ಐದೂವರೆ ಲಕ್ಷ! ಆ ತರಗತಿಯಲ್ಲಿ ಐದೂವರೆ ಲಕ್ಷ ಪಡೆದವರು ಒಬ್ಬರೂ ಇಲ್ಲ. ಕೂಡಿಸಿ ಭಾಗಿಸಿದ್ದರಲ್ಲಿ ತಪ್ಪಿಲ್ಲ, ಆದರೆ ಜಮೀನು ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಕೊಡಿಸುವ ಅಪ್ಪ ಮೋಸಹೋಗುತ್ತಾನೆ. ಸಂಬಳಗಳನ್ನು ಏರಿಕೆಯಲ್ಲಿ ಬರೆದು ನಟ್ಟನಡುವಿನದನ್ನು ನೋಡಿದರೆ 3.6 ಲಕ್ಷ, ಹೈಸ್ಕೂಲಿನಲ್ಲಿ ಮಧ್ಯಾಂಕ ಎಂದು ಕಲಿಸಿದ್ದು ಇದನ್ನೇ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೋಗುವ ಕಾಲೇಜುಗಳು ಈ ಮಧ್ಯಾಂಕವನ್ನು ಸಲ್ಲಿಸಲೇಬೇಕು. ದಿಲ್ಲಿಗೆ ಕೊಡುವ ಅಂಕಿಯನ್ನು ಊರಿನ ತಂದೆತಾಯಿಗೆ ಯಾಕೆ ಕೊಡುವುದಿಲ್ಲ?

‘ನಾವು ಐದು ಸಾವಿರಕ್ಕೆ ಸೇರಿದವರು, ಗೊಣಗಲಿಲ್ಲ.’ ನಿಮ್ಮ ಕಷ್ಟ ಸುಳ್ಳಲ್ಲ. ಆದರೆ 2012ನ್ನು 100 ಎಂದು ಹಿಡಿದ ಸರಕಾರದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 195ರ ಆಸುಪಾಸಿನಲ್ಲಿತ್ತು. ಬೆಲೆಗಳು ಹೆಚ್ಚುಕಡಿಮೆ ಇಮ್ಮಡಿ. ಅಷ್ಟೂ ವರ್ಷ ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಸಾಮಾನ್ಯ ಫ್ರೆಷರ್‌ನ ಸಂಬಳ ಮೂರು, ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆದಿದೆ. ಆಗ ಸೇರಿದ ನನ್ನ ಹುಡುಗರು ಬೆಂಗಳೂರಿನಿಂದ ಊರಿಗೆ ದುಡ್ಡು ಕಳಿಸುತ್ತಿದ್ದರು. ಈಗ ಸೇರುವವರು ಪಿಜಿ ಬಾಡಿಗೆಗೆ ಊರಿನಿಂದ ತರಿಸಿಕೊಳ್ಳುತ್ತಾರೆ. ಕಡಿಮೆ ಸಂಬಳಕ್ಕೆ ದುಡಿಯುತ್ತಿರುವವರು ಇವರು, ನೀವಲ್ಲ.

‘ಕೌಶಲವಿಲ್ಲ, ಅದಕ್ಕೇ ಸಂಬಳವಿಲ್ಲ.’ ಅರ್ಧ ನಿಜ, ಒಪ್ಪುತ್ತೇನೆ. ಲ್ಯಾಬ್ ರೆಕಾರ್ಡ್ ನಕಲು ಮಾಡಿದವರನ್ನೂ ನಾವು ಪಾಸು ಮಾಡಿದ್ದೇವೆ; ಆ ಹೊಣೆ ನಮ್ಮದು. ಆದರೆ 2023ರ ಫೆಬ್ರುವರಿಯಲ್ಲಿ ವಿಪ್ರೊ ಏನು ಮಾಡಿತು? ಆರೂವರೆ ಲಕ್ಷಕ್ಕೆ ತಾನೇ ಆರಿಸಿದ್ದ ಫ್ರೆಷರ್‌ಗಳನ್ನು ಮೂರೂವರೆ ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. ಬದಲಾದ ಆರ್ಥಿಕ ಪರಿಸ್ಥಿತಿ ಎಂಬ ಕಾರಣವನ್ನೂ ಕೊಟ್ಟಿತು. ಪರೀಕ್ಷೆ, ಸಂದರ್ಶನ ಎಲ್ಲ ದಾಟಿ ಬಂದವರ ಕೌಶಲ ಕೆಲವೇ ತಿಂಗಳಲ್ಲಿ ಅರ್ಧಕ್ಕೆ ಇಳಿಯಿತೇ? ಸಂಬಳ ಇಳಿಯುವುದಕ್ಕೆ ಹುಡುಗರ ಕೈಯಲ್ಲಿಲ್ಲದ ಕಾರಣಗಳೂ ಇವೆ ಎಂದು ಇನ್ನು ಮುಂದಾದರೂ ಹೇಳಿ.

‘ಆಫರ್ ಲೆಟರ್ ಓದಿ ಸಹಿ ಹಾಕಬೇಕಿತ್ತು’ ಎನ್ನುವವರಿಗೆ ಒಂದೇ ಮಾತು. 3.6 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 30,000. ಅದರೊಳಗೆ ಕಂಪನಿಯ ಪಿಎಫ್ ಪಾಲು, ಗ್ರಾಚ್ಯುಟಿ, ವಿಮೆ ಎಲ್ಲ ಅಡಗಿವೆ. ಮೇಲೆ ನೌಕರನ ಪಿಎಫ್ ಪಾಲು, ವೃತ್ತಿ ತೆರಿಗೆಯ 200 ರೂಪಾಯಿ ಕಳೆದು ಕೈಗೆ ಬರುವುದು 25,000ದ ಆಸುಪಾಸು. ಪಿಎಫ್ ಅವರದೇ ಹಣ, ನಿಜ, ಆದರೆ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲ. ಕೈಗೆ ಬರುವ ಮೊತ್ತವನ್ನು ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆಯಲು ಕಂಪನಿಗೆ ಏನು ತೊಂದರೆ?

ಕೊನೆಗೆ, ಆಸೆ ತಗ್ಗಿಸಲು ಹುಡುಗರಿಗೆ ಕೌನ್ಸೆಲಿಂಗ್ ಮಾಡಿ ಎಂಬ ಸಲಹೆ. ನಾಲ್ಕು ವರ್ಷದ ಶುಲ್ಕ ಕಟ್ಟಿಸಿಕೊಂಡ ಮೇಲೆ ಆ ಉಪದೇಶ ನನ್ನ ಬಾಯಿಂದ ಬರುವುದಿಲ್ಲ. ಸೀಟು ಖಾತ್ರಿ ಮಾಡಿಸಲು ಬರುವ ಪೋಷಕರಿಗೆ, ಹಣ ಕಟ್ಟುವ ಮೊದಲು, ನಮ್ಮ ವಿಭಾಗದ ಮಧ್ಯಾಂಕ ಎಷ್ಟು, ಕೆಲಸ ಸಿಗದವರು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದು ಕೊಡುತ್ತೇನೆ. ಉಳಿದ ಕಾಲೇಜುಗಳೂ ಕೊಡಲಿ.